ಎಜ್ರಾನ ಚೆಂಡಿಗೆ ಆಯುಧಪೂಜೆ

ಹೆಬ್ಬೆರಳಗಲದ ಒಂದು ಕೆಂಪು ಕಲೆ. ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬೀಳಲು ಅಷ್ಟು ಸಾಕು.

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಪ್ರಾಣೇಶ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು ಹಾಲಿಗೆ ಬಂದಾಗ ಊಟದ ಮೇಜಿನ ಮೇಲೆ ಆಯುಧಪೂಜೆ ಮುಗಿದಿತ್ತು. ಪಂಚಾಂಗದ ಲೆಕ್ಕದಲ್ಲಿ ಅದು ಬುಧವಾರವೇ ಆಗಿಹೋಗಬೇಕಿತ್ತು. ಆದರೆ ಅಮೆರಿಕದಲ್ಲಿ ವಾರದ ಮಧ್ಯೆ ದೇವರಿಗೂ ರಜೆ ಸಿಗುವುದಿಲ್ಲ. ಹಬ್ಬಗಳೆಲ್ಲ ಶನಿವಾರಕ್ಕೇ ಬರುತ್ತವೆ. ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅತ್ತೆ ಪಂಕಜಮ್ಮ, ಮನೆಯಲ್ಲಿ ಕರೆಂಟು ಕುಡಿಯುವ ಒಂದನ್ನೂ ಬಿಟ್ಟಿರಲಿಲ್ಲ. ಮಿಕ್ಸಿಗೆ ಬೊಟ್ಟು, ಮೈಕ್ರೋವೇವಿಗೆ ಬೊಟ್ಟು, ಲ್ಯಾಪ್‌ಟಾಪಿನ ಹಣೆಗೆ ಗಂಧ, ಕುಂಕುಮ, ಮೇಲೊಂದು ಅಕ್ಷತೆ. ವ್ಯಾಕ್ಯೂಮ್ ಕ್ಲೀನರು ಸೇವಂತಿಗೆ ಹಾರ ಹಾಕಿಕೊಂಡು, ಜಂಬೂಸವಾರಿಗೆ ಕರೆಯದೆ ಬಿಟ್ಟ ಆನೆಮರಿಯಂತೆ ಮೂಲೆಯಲ್ಲಿ ಸೊಂಡಿಲು ಇಳಿಬಿಟ್ಟು ನಿಂತಿತ್ತು.

ಇವುಗಳ ಮಧ್ಯೆ, ಮುಚ್ಚಳ ತೆರೆದ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಒಂದು ಹಳೆಯ ಚೆಂಡು. ಚೆಂಡಿನ ಹೊಲಿಗೆಯ ಪಕ್ಕದಲ್ಲಿ ಒಂದು ಬೊಟ್ಟು.

ಪ್ರಾಣೇಶನ ಟವೆಲ್ ಜಾರಿತು, ಹಿಡಿದುಕೊಂಡ. ಜಾರಿದ ಜೀವವನ್ನು ಹಿಡಿದುಕೊಳ್ಳಲಾಗಲಿಲ್ಲ.

ಅದು ಮನೆಯ ಚೆಂಡಲ್ಲ. ಜರ್ಸಿ ಸಿಟಿಯಲ್ಲಿ ಹಳೆಯ ಫೈರ್ ಸ್ಟೇಷನ್ನೊಂದರ ಮೇಲಿನ ಎರಡು ಕೋಣೆಗಳಲ್ಲಿ ಕುಂಟುತ್ತ ನಡೆಯುವ ಬೇಸ್‌ಬಾಲ್ ಮ್ಯೂಸಿಯಮ್ಮಿನ ಚೆಂಡು. ನೂರ ನಲವತ್ತು ವರ್ಷದ ಹಿಂದೆ ಎಜ್ರಾ ಟಪ್ಪನ್ ಎಂಬ ಗಿರಣಿ ಕೂಲಿಯ ಮಗ ಎಸೆದದ್ದು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ಈಗಿನ ಪಿಚರ್ ನೂರು ಸಲ ಎಸೆದರೆ ಸಾಕು, ಭುಜಕ್ಕೆ ಐಸು ಕಟ್ಟಿ ಬಾಣಂತಿಯಂತೆ ಕೂರಿಸುತ್ತಾರೆ; ಒಂದು ಪಂದ್ಯಕ್ಕೆ ನಾಲ್ಕೈದು ಜನ ಸರದಿಯಲ್ಲಿ ಬಂದು ಹೋಗುತ್ತಾರೆ. ಆಗ ಹಾಗಿರಲಿಲ್ಲ. ಶುರು ಮಾಡಿದವನೇ ಮುಗಿಸಬೇಕು, ಕೈ ಕಳಚಿ ಬಿದ್ದರೂ ಸರಿಯೇ. ಹಾಗೆ ಮುಗಿಸಿದ ಪಂದ್ಯಕ್ಕೆ ‘ಕಂಪ್ಲೀಟ್ ಗೇಮ್’ ಎಂದು ಹೆಸರು. ಎಜ್ರಾ ಒಂದೇ ವರ್ಷದಲ್ಲಿ ಅರವತ್ತೊಂದು ಪಂದ್ಯ ಶುರು ಮಾಡಿ, ಅರವತ್ತೊಂದನ್ನೂ ತಾನೇ ಮುಗಿಸಿ, ತನ್ನ ಲೀಗಿಗೇ ಮೊದಲಿಗನಾದ. ಮಾರನೆಯ ವರ್ಷ ಅವನ ತೋಳು ಮೇಲೇಳಲಿಲ್ಲ. ತಂಡದ ಮಾಲೀಕ ಅವನನ್ನು ಮನೆಗೆ ಕಳಿಸಿ ಇನ್ನೊಬ್ಬನನ್ನು ತಂದ. ದುಡಿಸಿ ಸಾಯಿಸಿದ್ದಕ್ಕೆ ದಾಖಲೆ ಎಂದು ಹೆಸರಿಟ್ಟು ಗಾಜಿನೊಳಗೆ ಕೂರಿಸಿದರೆ ಎಲ್ಲವೂ ಚಂದ ಕಾಣುತ್ತದೆ.

ಪ್ರಾಣೇಶನಿಗೆ ಎಜ್ರಾನ ಮೇಲೆ ಒಡಹುಟ್ಟಿದವನ ಮೇಲಿನಂಥ ಅಕ್ಕರೆ. ಪ್ರಾಣೇಶನೂ ಸ್ಕೂಲು ಕಾಲೇಜು ಎಂದರೆ ಮಾರು ದೂರ. ಸೆಕೆಂಡ್ ಪಿಯುಸಿಗೆ ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದು, ಮೈಸೂರಿನ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಹತ್ತು ವರ್ಷ ಬ್ಯಾಟಿಗೆ ಹಿಡಿ ಸುತ್ತಿ, ಚೆಂಡಿಗೆ ಹೊಲಿಗೆ ಹಾಕಿ, ಎದುರು ಮನೆಯ ಹಂಸಿನಿಯನ್ನು ಪ್ರೀತಿಸಿ ಮದುವೆಯಾಗಿ, ಇಂಜಿನಿಯರ್ ಹೆಂಡತಿಯ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದವನು. ಮೂರು ವರ್ಷ ಮನೆಯಲ್ಲಿ ಪಾತ್ರೆ ತೊಳೆದ. ವರ್ಕ್ ಪರ್ಮಿಟ್ ಬಂದ ಮೇಲೆ ಸಿಕ್ಕ ಮೊದಲ ಕೆಲಸವೇ ಈ ಮ್ಯೂಸಿಯಮ್ಮಿನ ಕೇರ್‌ಟೇಕರಿಕೆ, ಅದೂ ಆರು ತಿಂಗಳ ಟ್ರಯಲ್ ಮೇಲೆ. ಆ ಟ್ರಯಲ್ ಇವತ್ತಿಗೆ ಮುಗಿಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಎಜ್ರಾನ ಚೆಂಡಿನ ಪ್ರದರ್ಶನ. ಅದು ಸುಸೂತ್ರವಾಗಿ ನಡೆದರೆ ಕೆಲಸ ಕಾಯಂ ಎಂದು ಯಜಮಾನ ಡಾನ್ಲನ್ ಮುದುಕ ಕೈಕುಲುಕಿ ಹೇಳಿದ್ದ.

ಚೆಂಡು ಎಜ್ರಾನ ಮನೆತನದವರಿಂದ ನೇರವಾಗಿ ಪ್ರಿನ್ಸ್‌ಟನ್ನಿನ ಬಡಗಿಯ ಹತ್ತಿರ, ಪೆಟ್ಟಿಗೆ ಮಾಡಿಸಲು ಹೋಗಿತ್ತು. ಬಡಗಿಯ ಅಂಗಡಿ ಪ್ರಾಣೇಶನ ಮನೆಗೆ ಹತ್ತಿರ. “ಶುಕ್ರವಾರ ಇಸಿದುಕೊಂಡು ಶನಿವಾರ ತಾ. ಆದರೆ ಪೆಟ್ಟಿಗೆ ತೆರೆಯಬೇಡ, ಪ್ರಾನ್,” ಎಂದು ಡಾನ್ಲನ್ ಎರಡೆರಡು ಸಲ ಎಚ್ಚರಿಸಿದ್ದ. ಪ್ರಾಣೇಶ ತೆರೆದಿರಲಿಲ್ಲ. ತಾಯಾಣೆಗೂ ತೆರೆದಿರಲಿಲ್ಲ. ಆ ಚೆಂಡನ್ನು ಅವನು ಕಣ್ಣಾರೆ ನೋಡಿದ್ದೇ ಈಗ, ಹಣೆಗೆ ಬೊಟ್ಟಿಟ್ಟುಕೊಂಡ ಮೇಲೆ.

ಅತ್ತೆ ಅಡುಗೆಮನೆಯ ಸಿಂಕಿನಲ್ಲಿ ಕೈ ತೊಳೆಯುತ್ತಿದ್ದರು. ಸೋಪು ಹಚ್ಚಿ ತೊಳೆದು, ಮತ್ತೆ ಸೋಪು ಹಚ್ಚುತ್ತಿದ್ದರು.

“ಅತ್ತೆ...” ಎಂದ ಪ್ರಾಣೇಶ.

“ಏನು ಅಳಿಯಂದ್ರೆ?” ಪಂಕಜಮ್ಮನ ‘ಅಳಿಯಂದ್ರೆ’ಯಲ್ಲಿ ಮರ್ಯಾದೆ ಇರುತ್ತಿತ್ತು, ಉಪ್ಪಿನಕಾಯಿಯಲ್ಲಿ ಮಾವು ಇರುವ ಹಾಗೆ. ನಾಲಿಗೆಗೆ ತಗಲುವುದು ಖಾರವೇ.

ಪೆಟ್ಟಿಗೆಯಲ್ಲಿ ಏನೋ ಮ್ಯೂಸಿಯಂ ಸಾಮಾನಿದೆ ಎಂದಷ್ಟೇ ಅವನು ಅತ್ತೆಗೆ ಹೇಳಿದ್ದ. ಚರ್ಮದ ಚೆಂಡು ಎಂದು ಹೇಳಿರಲಿಲ್ಲ. ಈ ಮನೆಗೆ ಅತ್ತೆ ಬಂದಾಗಿನಿಂದ ಬೆಲ್ಟುಗಳು ಬಾಲ್ಕನಿಯಲ್ಲಿ ನೇತಾಡುತ್ತಿದ್ದವು. “ನಮ್ಮ ಹಂಸಿನಿಗೆ ಡಾಕ್ಟರು, ಇಂಜಿನಿಯರು ಎಲ್ಲ ಬಂದಿದ್ರು. ಕೊನೆಗೆ ಚರ್ಮ ಹೊಲಿಯೋರೇ ಸಿಕ್ಕಿದ್ರು,” ಎಂದು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದನ್ನು ಅವನೇ ಕೇಳಿಸಿಕೊಂಡಿದ್ದ. ಕೇಳಿ ಹಲ್ಲು ಕಚ್ಚಿದ್ದ. ಹಲ್ಲು ಕಚ್ಚಿದ್ದು ಬಿಟ್ಟರೆ ಬೇರೇನನ್ನೂ ಕಚ್ಚಿರಲಿಲ್ಲ. ಈಗ, ದೇವರ ಕುಂಕುಮವನ್ನು ಚರ್ಮಕ್ಕೆ ಹಚ್ಚಿದಿರಿ ಎಂದು ಅವರಿಗೆ ಹೇಳುವುದೆಂದರೆ, ಸತ್ತ ಮೇಲೆ ತಾನೇ ಹೋಗಿ ಚಟ್ಟ ಕಟ್ಟಿಕೊಂಡ ಹಾಗೆ.

“ಏನಿಲ್ಲ. ಕಾಫಿ ಇದೆಯಾ ಅಂತ.”

“ಫಿಲ್ಟರಿನಲ್ಲಿ ಡಿಕಾಕ್ಷನ್ ಇದೆ. ನಾನು, ಹಂಸಿನಿ ದೇವಸ್ಥಾನಕ್ಕೆ ಹೊರಟ್ವಿ,” ಎಂದ ಅತ್ತೆ ಹೊಸಿಲ ಹತ್ತಿರ ನಿಂತು, ಪೆಟ್ಟಿಗೆಯ ಕಡೆ ಒಮ್ಮೆ ನೋಡಿದರು. “ಸಂಜೆ ಬಂದ ಮೇಲೆ ನಿಮ್ಮ ಹತ್ರ ಸ್ವಲ್ಪ ಮಾತಾಡೋದಿದೆ.”

ಬಾಗಿಲು ಮುಚ್ಚಿತು. ಪ್ರಾಣೇಶ ಒದ್ದೆ ಬೆರಳಿನಿಂದ ಬೊಟ್ಟನ್ನು ಉಜ್ಜಿದ. ಅಲುಗಲಿಲ್ಲ. ಟಿಶ್ಯೂ ಹಚ್ಚಿ ಉಜ್ಜಿದ. ಟಿಶ್ಯೂ ಹರಿಯಿತು, ಬೊಟ್ಟು ಹಾಗೇ ಕೂತಿತ್ತು, ಸಾಲ ವಸೂಲಿಗೆ ಬಂದು ಜಗಲಿಯಲ್ಲಿ ಕೂತವನ ಹಾಗೆ.

ಅಷ್ಟರಲ್ಲಿ ಬಾಗಿಲು ಬಡಿಯಿತು. ಎದುರು ಮನೆಯ ಮುಕುಂದ್.

“ಎರಡು ನಿಂಬೆಹಣ್ಣಿದ್ರೆ ಕೊಡು ಗುರು, ಕಾರಿನ ಚಕ್ರಕ್ಕೆ. ಪಿಎಚ್‌ಡಿ ಮಾಡಿದೋನ ಕಾರಿಗೂ ದೃಷ್ಟಿ ಬೀಳತ್ತೆ ಅಂತಾಳೆ ನನ್ ಹೆಂಡ್ತಿ.”

ಮುಕುಂದ್ ಡಿಎನ್‌ಎ ಪರೀಕ್ಷೆಯ ಯಾವುದೋ ಲ್ಯಾಬಿನಲ್ಲಿ ದೊಡ್ಡ ಕೆಲಸದಲ್ಲಿದ್ದ. “ಒಂದ್ ಹನಿ ರಕ್ತ ಕೊಡು, ನಿನ್ ಏಳು ತಲೆಮಾರು ಹೇಳ್ತೀನಿ,” ಎನ್ನದೆ ಅವನು ಯಾರ ಮನೆಯಲ್ಲೂ ತಟ್ಟೆಗೆ ಕೈ ಹಾಕುತ್ತಿರಲಿಲ್ಲ.

“ಇವತ್ತೂ ಡ್ಯೂಟಿ ಕಣೋ. ಮಧ್ಯಾಹ್ನ ಎಲ್ಲೋ ಹೋಗಿ ಸ್ಯಾಂಪಲ್ ಕಲೆಕ್ಟ್ ಮಾಡ್ಬೇಕಂತೆ. ನಮ್ ಬಾಸು ಇನ್ನೂ ಅಡ್ರೆಸ್ಸೇ ಕಳಿಸಿಲ್ಲ,” ಎನ್ನುತ್ತ ಒಳಗೆ ಬಂದವನು ಪ್ರಾಣೇಶನ ಮುಖ ನೋಡಿ ನಿಂತ. “ಏನಾಯ್ತೋ? ವೀಸಾ ರಿಜೆಕ್ಟಾ?”

ಪ್ರಾಣೇಶ ಚೆಂಡು ತೋರಿಸಿ, ನಡೆದದ್ದನ್ನು ಹೇಳಿದ. ಮುಕುಂದ್ ಕನ್ನಡಕ ಏರಿಸಿದ.

“ಅಷ್ಟೇನಾ? ಇದು ಸಿಂಪಲ್ ಕೆಮಿಸ್ಟ್ರಿ. ಕುಂಕುಮ ಅಂದ್ರೇನು? ಅರಿಶಿನ ಪ್ಲಸ್ ಸುಣ್ಣ. ಸುಣ್ಣ ಇರೋದಕ್ಕೆ ಕೆಂಪು. ಹುಳಿ ಬಿತ್ತು ಅಂದ್ರೆ ಫಟ್ ಅಂತ ಹಳದಿ ಆಗತ್ತೆ. ಆಮೇಲೆ ಒರೆಸಿದ್ರಾಯ್ತು. ತಾ ನಿಂಬೆಹಣ್ಣು.”

ಹಿಂಡಿದರು. ಕಾದರು. ಕಲೆ ಹಳದಿಯಾಗಲಿಲ್ಲ. ಇನ್ನರ್ಧ ಹಿಂಡಿದರು. ಚೆಂಡಿನಿಂದ ಪಾನಕದ ವಾಸನೆ ಬಂತು.

“ಆಗ್ತಿಲ್ವಲ್ಲೋ,” ಎಂದ ಪ್ರಾಣೇಶ.

“ಆಗ್ಲೇಬೇಕು.” ಮುಕುಂದನ ಹುಬ್ಬು ಗಂಟಾಯಿತು. “ಹಾಗಾದ್ರೆ ಇದು ಕುಂಕುಮವೇ ಸರಿ ಇಲ್ಲ. ಕಲಬೆರಕೆ. ನಿಮ್ಮತ್ತೆಗೆ ಹೇಳು.”

ಡಿಗ್ರಿ ಇದ್ದವರಿಗೆ ಇದೊಂದು ರೋಗ. ‘ನನಗೆ ಗೊತ್ತಿಲ್ಲ’ ಎಂಬ ಎರಡು ಮಾತು ಬಿಟ್ಟು ಜಗತ್ತಿನ ಮಿಕ್ಕೆಲ್ಲ ಮಾತೂ ಅವರ ಬಾಯಿಗೆ ಬರುತ್ತದೆ.

ತೆರೆದೇ ಇದ್ದ ಬಾಗಿಲಿನಿಂದ ಕೆಳಮನೆಯ ಕನೀಜ್ ಆಂಟಿ ಬಂದರು. ಅವರು ಬೆಂಗಳೂರಿನವರು, ಮೂರು ಗಂಡುಮಕ್ಕಳನ್ನು ಬೆಳೆಸಿ ದಡ ಸೇರಿಸಿದವರು. ಪಂಕಜಮ್ಮ ಬೆಳಿಗ್ಗೆ ಕೊಟ್ಟು ಬಂದಿದ್ದ ಪುಳಿಯೋಗರೆಯ ಸ್ಟೀಲು ಡಬ್ಬಿಗೆ ಖರ್ಜೂರ ತುಂಬಿ ವಾಪಸು ತಂದಿದ್ದರು. ಇಬ್ಬರು ಗಂಡಸರು ಒಂದು ಚೆಂಡಿನ ಮೇಲೆ ಬಗ್ಗಿ ನಿಂಬೆಹಣ್ಣು ಹಿಂಡುವುದನ್ನು ನೋಡಿ ಡಬ್ಬಿ ಕೆಳಗಿಟ್ಟರು.

“ಏನ್ ಬೇಟಾ, ಮಾಟ ತೆಗೀತಿದೀರಾ?”

“ಕಲೆ ಆಂಟಿ, ಹೋಗ್ತಾನೇ ಇಲ್ಲ. ಮೂರು ಗಂಟೆಗೆ ಜರ್ಸಿ ಸಿಟೀಲಿ ಇರ್ಬೇಕು. ಇದು ಹೋಗ್ಲಿಲ್ಲ ಅಂದ್ರೆ ನನ್ ಕೆಲ್ಸ ಹೋಯ್ತು.”

ಆಂಟಿ ಚೆಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು.

“ಇದಕ್ಕೆ ನಿಂಬೆಹಣ್ಣು ಯಾರ್ ಹಾಕು ಅಂದಿದ್ದು? ತಣ್ಣೀರು, ಉಪ್ಪು. ಬಿಸಿನೀರು ಮುಟ್ಟಿಸ್ಲೇಬೇಡ, ಕಲೆ ಕೂತ್ಬಿಡತ್ತೆ. ನನ್ ಮೂರು ಹುಡುಗ್ರೂ ದಿನಾ ಮೊಣಕಾಲು ಕೆತ್ಕೊಂಡು ಬರೋರು. ಇಂಥದ್ದು ಎಷ್ಟ್ ತೆಗೆದಿಲ್ಲ ನಾನು!”

“ಆಂಟಿ, ಇದು ಕುಂಕುಮ,” ಎಂದ ಮುಕುಂದ್, ಒಂದನೇ ಕ್ಲಾಸಿಗೆ ಪಾಠ ಹೇಳುವವನಂತೆ.

“ನಿಂದು ಸೈನ್ಸ್ ಬೇಟಾ. ನಂದು ಬರೀ ಕಣ್ಣು,” ಎಂದು ಆಂಟಿ ಉಪ್ಪಿನ ಡಬ್ಬಿ ಹುಡುಕಿದರು.

ಉಪ್ಪುನೀರಿನ ಹತ್ತಿ ಇಟ್ಟು ಅರ್ಧ ಗಂಟೆ ಕಾದರು. ಕಲೆ ಸಡಿಲವಾಯಿತು. ಆಮೇಲಿನದು ಪ್ರಾಣೇಶನ ಕೈ. ಮೈಸೂರಿನ ಅಂಗಡಿಯಲ್ಲಿ ಹತ್ತು ವರ್ಷ ಪಳಗಿದ ಕೈ. ಹೊಲಿಗೆಯ ಒಂದು ಎಳೆಯೂ ನಲುಗದ ಹಾಗೆ, ನಯವಾದ ಉಪ್ಪುಕಾಗದದ ಚೂರಿನಿಂದ, ಮಗುವಿನ ಕೆನ್ನೆ ಒರೆಸುವಷ್ಟು ಹಗುರವಾಗಿ ಉಜ್ಜಿದ. ಹನ್ನೊಂದೂವರೆಗೆ ಬೊಟ್ಟು ಪೂರ್ತಿ ಹೋಯಿತು. ಆ ಮುಕ್ಕಾಲು ಗಂಟೆಯಲ್ಲಿ ಅವನು ಉಸಿರಾಡಿದ್ದು ಏಳೆಂಟು ಸಲ ಇರಬಹುದು.

ಈಗ ಹೊಸ ಪೀಡೆ ಶುರುವಾಯಿತು. ಬೊಟ್ಟಿದ್ದ ಜಾಗ ಬೆಳ್ಳಗಾಗಿತ್ತು. ಉಳಿದ ಚೆಂಡು ನೂರ ನಲವತ್ತು ವರ್ಷದ ಕಂದು. ನಡುವೆ ಈ ಬಿಳಿ ತೇಪೆ, ಬಿಸಿಲಿನಲ್ಲಿ ದುಡಿದವನ ಕೈಯಿಂದ ವಾಚು ಬಿಚ್ಚಿದ ಹಾಗೆ.

“ಪೂರ್ತಿ ಚೆಂಡನ್ನೇ ಬೆಳ್ಳಗೆ ಮಾಡ್ಬಿಟ್ರೆ?” ಎಂದ ಮುಕುಂದ್.

“ನೀನು ಮನೆಗೆ ಹೋಗು ಮಾರಾಯ,” ಎಂದು ಪ್ರಾಣೇಶ ಕೈಮುಗಿದ.

ಅವನ ಕಣ್ಣು ಅತ್ತೆಯ ಕಾಫಿ ಫಿಲ್ಟರಿನ ಮೇಲೆ ಬಿತ್ತು. ಹತ್ತಿಕಡ್ಡಿಯನ್ನು ಗಟ್ಟಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಂದು ಪದರ ಹಚ್ಚಿದ. ಹೆಂಡತಿಯ ಹೇರ್ ಡ್ರೈಯರಿನಿಂದ ತಣ್ಣನೆಯ ಗಾಳಿ ಬಿಟ್ಟು ಒಣಗಿಸಿ, ಇನ್ನೊಂದು ಪದರ ಹಚ್ಚಿದ. ಐದನೆಯ ಪದರಕ್ಕೆ ತೇಪೆ ಎಲ್ಲಿತ್ತು ಎಂದು ಅವನಿಗೇ ಹುಡುಕಲಾಗಲಿಲ್ಲ.

“ಮಾಶಾಲ್ಲಾ! ನೀನ್ ಓದಿದ್ರೆ ಹಾಳಾಗ್ಬಿಡ್ತಿದ್ದೆ ಬೇಟಾ,” ಎಂದರು ಕನೀಜ್ ಆಂಟಿ. ಆ ದಿನ ಅವನಿಗೆ ಸಿಕ್ಕ ಒಂದೇ ಒಳ್ಳೆಯ ಮಾತು ಅದು.

ಒಂದು ಗಂಟೆಗೆ ಹೊರಟ. ಕಾರಿನ ಮೂತಿಗೆ ಬಾಳೆಕಂದು, ಗಾಜಿಗೆ ಗಂಧ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಅಕ್ಕಪಕ್ಕದ ಕಾರಿನವರು ಫೋನು ಹಿಡಿದು ಫೋಟೋ ತೆಗೆದರು. ಅವನಿಗೆ ಅದಾವುದೂ ಕಾಣಲಿಲ್ಲ. ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿ ಕೂರಿಸಿದ್ದ ಪೆಟ್ಟಿಗೆಯನ್ನು ಪ್ರತಿ ಎರಡು ಮೈಲಿಗೊಮ್ಮೆ ಮೂಸಿ ನೋಡುತ್ತಿದ್ದ. ನಿಂಬೆಹಣ್ಣು ಹೋಗಿತ್ತು. ಕಾಫಿ ಹೋಗಿರಲಿಲ್ಲ.

ಮ್ಯೂಸಿಯಮ್ಮಿನಲ್ಲಿ ನಲವತ್ತು ಕುರ್ಚಿ ಹಾಕಿದ್ದರು. ಡಾನ್ಲನ್ ಮೀಸೆಯಷ್ಟು ದಪ್ಪದ ಬಿಳಿ ಹುಬ್ಬು ಕುಣಿಸುತ್ತ ಓಡಾಡುತ್ತಿದ್ದ. ಪೆಟ್ಟಿಗೆಯ ಹತ್ತಿರ ಬಗ್ಗಿದವನು ಮೂಗು ಅರಳಿಸಿದ.

“ಕಾಫಿ ವಾಸನೆ?”

“ನನ್ನ ಬಾಯಿಂದ ಸರ್,” ಎಂದ ಪ್ರಾಣೇಶ.

“ಒಳ್ಳೆಯ ಕಾಫಿ. ಚೆಂಡನ್ನು ನೀನೇ ಸ್ಟ್ಯಾಂಡಿನ ಮೇಲಿಡು, ಪ್ರಾನ್. ಗುರುತು ಜನರ ಕಡೆಗಿರಲಿ.”

“ಯಾವ ಗುರುತು ಸರ್?”

ಡಾನ್ಲನ್ ಆಗಲೇ ಬಾಗಿಲಲ್ಲಿ ಯಾರಿಗೋ ಕೈಕುಲುಕುತ್ತಿದ್ದ. ಪ್ರಾಣೇಶ ಚೆಂಡು ಹಿಡಿದು ಸ್ಟ್ಯಾಂಡಿನ ಹತ್ತಿರ ಹೋದ. ಗಾಜಿನ ಪಕ್ಕದಲ್ಲಿ ಅವತ್ತು ಬೆಳಿಗ್ಗೆಯಷ್ಟೇ ತೂಗುಹಾಕಿದ್ದ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವನ ಇಂಗ್ಲಿಷು ನಿಧಾನ. ಆದರೆ ಬೇಡದ್ದನ್ನು ಓದುವಾಗ ಅದೂ ಓಡುತ್ತದೆ.

‘ಅರವತ್ತೊಂದನೆಯ ಪಂದ್ಯದ ಕೊನೆಯಲ್ಲಿ ಎಜ್ರಾ ಟಪ್ಪನ್‌ನ ಬೆರಳು ಒಡೆಯಿತು. ಬದಲಿ ಆಟಗಾರನಿರಲಿಲ್ಲ. ಅವನು ಮೈದಾನ ಬಿಡದೆ ಪಂದ್ಯ ಮುಗಿಸಿದ. ಹೊಲಿಗೆಯ ಪಕ್ಕದಲ್ಲಿ ನೀವು ನೋಡುತ್ತಿರುವ ಕೆಂಪು ಕಲೆ ಅವನ ರಕ್ತ.’

ಪ್ರಾಣೇಶ ಎರಡನೆಯ ಸಲ ಓದಿದ. ಮೂರನೆಯ ಸಲ ಓದಲು ಕಣ್ಣು ಒಪ್ಪಲಿಲ್ಲ. ಅತ್ತೆಗೆ ಫೋನು ಮಾಡಿದ.

“ಅತ್ತೆ, ಬೆಳಿಗ್ಗೆ ಆ ಮರದ ಪೆಟ್ಟಿಗೇಲಿ ಇದ್ದ ಚೆಂಡಿಗೆ... ಕುಂಕುಮ ಇಟ್ರಾ?”

“ಕುಂಕುಮಾನಾ?” ಆ ಕಡೆ ದೇವಸ್ಥಾನದ ಗಂಟೆ ನಿಂತು ಕೇಳಿಸಿಕೊಂಡಂತಾಯಿತು. “ಚರ್ಮಕ್ಕೆ ಯಾರಾದ್ರೂ ಕುಂಕುಮ ಇಡ್ತಾರೇನು ಅಳಿಯಂದ್ರೆ? ಏನೋ ಯಂತ್ರ ಇರ್ಬೇ​ಕು ಅಂತ ಮುಚ್ಚಳ ತೆಗೆದೆ. ರಾಮ ರಾಮ! ಅದರ ಮೇಲೆ ರಕ್ತದ ಕಲೆ ಬೇರೆ! ಬೆರಳೂ ತಗಲಿಸ್ಲಿಲ್ಲ. ಆದ್ರೂ ಎರಡು ಸಲ ಸೋಪು ಹಾಕಿ ಕೈ ತೊಳ್ಕೊಂಡೆ. ಅದಕ್ಕೇ ಸಂಜೆ ಮಾತಾಡೋದಿದೆ ಅಂದಿದ್ದು...”

ಪ್ರಾಣೇಶ ಫೋನು ಇಟ್ಟ. ಪಿಎಚ್‌ಡಿಗೆ ಕಾಣದ್ದು ಅತ್ತೆಗೆ ಕಂಡಿತ್ತು. ಕನೀಜ್ ಆಂಟಿಗೆ ಎಜ್ರಾನ ಹೆಸರು ಗೊತ್ತಿಲ್ಲದೆಯೂ ಕಂಡಿತ್ತು. ನೂರ ನಲವತ್ತು ವರ್ಷ ಮಳೆ, ಬೆಂಕಿ, ಇಲಿ, ಯುದ್ಧ ಯಾವುದೂ ಅಳಿಸದ ಎಜ್ರಾನ ರಕ್ತವನ್ನು ಅವನು ಅಡುಗೆ ಉಪ್ಪಿನಲ್ಲಿ ಅಳಿಸಿದ್ದ.

ಎರಡೂ ಮುಕ್ಕಾಲು. ಚೆಂಡನ್ನು ಕೋಟಿನೊಳಗೆ ಅವಿಸಿಕೊಂಡು, ಅತಿಥಿಗಳ ಮೇಜಿನಿಂದ ಒಂದು ಲೋಟ ಕಾಫಿ ಎತ್ತಿಕೊಂಡು ಬಾತ್‌ರೂಮಿಗೆ ನುಗ್ಗಿ ಚಿಲಕ ಹಾಕಿದ. ಎದೆಯ ಮೇಲೆ ಬಿಲ್ಲೆ ಇತ್ತು: ‘ಪ್ರಾನ್, ಕೇರ್‌ಟೇಕರ್, ಟ್ರಯಲ್’. ಅದರ ಪಿನ್ನು ಬಿಚ್ಚಿದ. ಕಣ್ಣು ಮುಚ್ಚಿ ತೋರುಬೆರಳಿಗೆ ಚುಚ್ಚಿದ. ಒಂದು ಹನಿ ಬಂತು. ಸಾಲದು. ಇನ್ನೊಮ್ಮೆ ಚುಚ್ಚಿದ. ಬದಲಿ ಆಟಗಾರನಿರಲಿಲ್ಲ. ಹೊಲಿಗೆಯ ಪಕ್ಕದಲ್ಲಿ, ಹೆಬ್ಬೆರಳಗಲಕ್ಕೆ, ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಹಚ್ಚಿದ. ಮೇಲೆ ತೆಳ್ಳಗೆ ಕಾಫಿ ಸವರಿದ. ಕೈ ಒಣಗಿಸುವ ಯಂತ್ರದ ಕೆಳಗೆ ಹಿಡಿದ. ಹೊರಗೆ ಯಾರೋ ಬಾಗಿಲು ಬಡಿದರು. “ಬಂದೆ ಬಂದೆ,” ಎಂದು ಕನ್ನಡದಲ್ಲೇ ಕೂಗಿದ.

ಮೂರಕ್ಕೆ ಪರದೆ ಸರಿಯಿತು. ದೀಪದ ಕೆಳಗೆ ಕಂದುಗೆಂಪು ಕಲೆ, ನಿನ್ನೆ ಮೊನ್ನೆ ಒಡೆದ ಬೆರಳಿನಷ್ಟು ಸತ್ಯವಾಗಿ ಹೊಳೆಯಿತು. ಎಜ್ರಾನ ಮರಿಮಗ, ದಢೂತಿ ಮನುಷ್ಯ, ಮುಂದಿನ ಸಾಲಿನಲ್ಲಿ ಕೂತಿದ್ದವನು ಕರವಸ್ತ್ರ ತೆಗೆದು ಬಿಕ್ಕಿದ. “ಚಿಕ್ಕಂದಿನಲ್ಲಿ ನೋಡಿದ್ದು. ಹಾಗೆಯೇ ಇದೆ,” ಎಂದ. ಚಪ್ಪಾಳೆ. ಡಾನ್ಲನ್ ಪ್ರಾಣೇಶನ ಹೆಗಲ ಮೇಲೆ ಕೈಹಾಕಿ, ಜೇಬಿನಿಂದ ಒಂದು ಕಾಗದ ತೆಗೆದು ಎತ್ತಿ ತೋರಿಸಿದ.

“ಇದು ಪ್ರಾನ್‌ನ ಕಾಯಂ ಕೆಲಸದ ಪತ್ರ!”

ಪ್ರಾಣೇಶನಿಗೆ ಬೆಳಗಿನಿಂದ ಮೊದಲ ಸಲ ಹೊಟ್ಟೆ ಹಸಿದದ್ದು ಗೊತ್ತಾಯಿತು.

“ಇನ್ನೊಂದು ಸಂತೋಷದ ಸುದ್ದಿ,” ಎಂದ ಡಾನ್ಲನ್. “ಈ ರಕ್ತ ಎಜ್ರಾನದೇ ಎಂದು ಏನು ಗ್ಯಾರಂಟಿ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಅವರ ಬಾಯಿಗೆ ಇವತ್ತು ಬೀಗ. ಡಿಎನ್‌ಎ ಪರೀಕ್ಷೆ ಮಾಡಿಸುತ್ತಿದ್ದೇವೆ! ಲ್ಯಾಬಿನಿಂದ ಡಾಕ್ಟರು ಬಂದಿದ್ದಾರೆ.”

ಬಾಗಿಲಿನಿಂದ ಬಿಳಿ ಕೋಟು, ನೀಲಿ ಕೈಗವಸು, ಕೈಯಲ್ಲೊಂದು ಪುಟ್ಟ ಸೂಟ್‌ಕೇಸು. ಹಣೆಯಲ್ಲಿ ಕುಂಕುಮ. ಮುಕುಂದ್.

ಅವನು ನಗುನಗುತ್ತಲೇ ಬಂದ. ಚೆಂಡು ನೋಡಿದ. ಫಲಕ ಓದಿದ. ಪ್ರಾಣೇಶನ ಮುಖ ನೋಡಿದ. ನಗು ಇದ್ದಲ್ಲೇ ಹಳಸಿತು.

“ಗುರೂ,” ಎಂದ ಮೆಲ್ಲಗೆ, ಕನ್ನಡದಲ್ಲಿ. “ಬೆಳಿಗ್ಗೆ ನಾವು ತೊಳೆದಿದ್ದು...”

“ಹೂಂ. ಅದೇ.”

“ಮತ್ತೆ ಈಗ ಇಲ್ಲಿ ಇರೋದು?”

ಪ್ರಾಣೇಶ ಪಿನ್ನು ಚುಚ್ಚಿದ ತೋರುಬೆರಳನ್ನು ಕೋಟಿನ ಮರೆಯಲ್ಲಿ ಅರ್ಧ ಎತ್ತಿದ.

“ಥೂ ನಿನ್ನ!”

“ಏನಾದ್ರೂ ಮಾಡೋ. ಪಿಎಚ್‌ಡಿ ಅಲ್ವೇನೋ ನೀನು?”

“ನಾನು ಬರೀ ಸ್ಯಾಂಪಲ್ ತಗೊಳ್ಳೋನು ಕಣೋ. ಓದೋದು ಮೆಷೀನು. ಅದಕ್ಕೆ ಕನ್ನಡ ಬರಲ್ಲ.”

“ಒಂದೇ ಊರಿನವರಾ?” ಎಂದು ಡಾನ್ಲನ್ ಖುಷಿಯಿಂದ ಇಬ್ಬರ ಬೆನ್ನನ್ನೂ ತಟ್ಟಿದ. “ಅದ್ಭುತ!”

ಮುಕುಂದ್ ಹತ್ತಿಕಡ್ಡಿಯಿಂದ ಕಲೆಯನ್ನು ಮುಟ್ಟಿ ನಳಿಕೆಗೆ ಹಾಕಿದ. ಎಜ್ರಾನ ಮರಿಮಗ ಬಾಯಿ ತೆಗೆದು ಎಂಜಲು ಕೊಟ್ಟ. ಎಲ್ಲ ಮುಗಿಯಿತು ಎಂದುಕೊಂಡು ಪ್ರಾಣೇಶ ಕಾಗದದ ಕಡೆ ಕೈ ಚಾಚಿದ.

ಡಾನ್ಲನ್ ಕಾಗದವನ್ನು ಮಡಚಿ ಮತ್ತೆ ತನ್ನ ಜೇಬಿಗಿಟ್ಟುಕೊಂಡ.

“ಕಮಿಟಿಯವರ ಸಹಿ ಬಾಕಿ ಇದೆ, ಪ್ರಾನ್. ಆರು ವಾರಕ್ಕೆ ರಿಪೋರ್ಟು ಬರುತ್ತದೆ, ಅವತ್ತೇ ದೊಡ್ಡ ಸಮಾರಂಭ ಮಾಡಿ ಸಹಿ ಹಾಕಿಸೋಣ. ಅಲ್ಲಿಯವರೆಗೆ ಟ್ರಯಲ್ಲೇ ಇರಲಿ. ಮತ್ತೆ, ಡಾಕ್ಟರ್, ನಿಮ್ಮ ಲ್ಯಾಬಿನ ನಿಯಮ ಇದೆಯಲ್ಲ, ಚೆಂಡು ಮುಟ್ಟಿದವರ ಗುರುತು ರಕ್ತದ ಗುರುತಿನ ಜೊತೆ ಬೆರೆಯಬಾರದು ಎಂದು? ಅವರೂ ಸ್ಯಾಂಪಲ್ ಕೊಡಬೇಕು. ಮನೆತನದವರು ಕೊಟ್ಟಾಯಿತು. ಬಡಗಿ ಹೋದ ವಾರವೇ ಕೊಟ್ಟ. ಇನ್ನು ಉಳಿದದ್ದು ಒಬ್ಬನೇ.”

ನಲವತ್ತು ಕುರ್ಚಿಗಳೂ ಪ್ರಾಣೇಶನ ಕಡೆ ತಿರುಗಿದವು. ಮುಕುಂದ್ ಹೊಸ ಹತ್ತಿಕಡ್ಡಿಯ ಪೊಟ್ಟಣ ಹರಿದ. ಪಾಪ, ಅವನ ಕಣ್ಣಲ್ಲಿ ನೀರಿತ್ತು.

“ಬಾಯಿ ತೆಗಿ,” ಎಂದ.

ಬೆಳಿಗ್ಗೆ ಅತ್ತೆಯ ಮುಂದೆ ಒಂದೇ ಒಂದು ಸಲ ತೆಗೆದಿದ್ದರೆ ಸಾಕಾಗುತ್ತಿದ್ದ ಬಾಯನ್ನು ಪ್ರಾಣೇಶ ಈಗ, ಅಷ್ಟೂ ಜನರ ಚಪ್ಪಾಳೆಯ ನಡುವೆ, ಅಗಲವಾಗಿ ತೆಗೆದ.